ಸರೋವರದಾಚೆಯ ಗಂಧರ್ವನಗರ

ಸೆಪ್ಟೆಂಬರ್ ತಿಂಗಳ ಕೊನೆಯ ವಾರದ ಒಂದು ಸಂಜೆ. ಅಮೆರಿಕದ ಮಿಷಿಗನ್ ರಾಜ್ಯದ ನೈಋತ್ಯ ಅಂಚಿನಲ್ಲಿರುವ ವಾರನ್ ಡ್ಯೂನ್ಸ್ ಎಂಬ ಮರಳುದಿಬ್ಬಗಳ ತಾಣ. ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ಹಿಂದಕ್ಕೆ ಜಾರುವ ಆ ಮರಳಿನಲ್ಲಿ ತಂದೆತಾಯಿಗಳು ಮಕ್ಕಳ ಕೈಹಿಡಿದುಕೊಂಡು ಟವರ್ ಹಿಲ್ ಎಂಬ ದಿಬ್ಬದ ನೆತ್ತಿಯನ್ನು ಸೇರುತ್ತಾರೆ. ಕೆಳಗೆ, ಪಶ್ಚಿಮ ದಿಕ್ಕಿಗೆ, ಮಿಷಿಗನ್ ಸರೋವರ ಹರಡಿಕೊಂಡಿದೆ. ಸರೋವರವೆಂಬುದು ಹೆಸರಿಗೆ ಮಾತ್ರ. 494 ಕಿ.ಮೀ. ಉದ್ದ, ಅತ್ಯಂತ ಅಗಲವಾದ ಕಡೆ 190 ಕಿ.ಮೀ. ಹರಹುಳ್ಳ ಆ ಜಲರಾಶಿ ದಡದಲ್ಲಿ ನಿಂತವರ ಪಾಲಿಗೆ ಸಿಹಿನೀರಿನ ಕಡಲೇ ಸರಿ. ಎದುರು ದಡ ಕಾಣಿಸುವ ಮಾತೇ ಇಲ್ಲ.

ಸೂರ್ಯ ನೀರಿಗಿಳಿಯತೊಡಗುತ್ತಾನೆ. ಆಗ ಆ ಕೆಂಪು ಬಿಂಬದ ಕೆಳ ಅಂಚಿನಲ್ಲಿ ನಾಲ್ಕೈದು ಕಪ್ಪು ಗೆರೆಗಳು ಮೂಡುತ್ತವೆ. ಮೊದಲ ನೋಟಕ್ಕೆ ಅವು ಯಾವುದೋ ಹಡಗಿನ ಕೂವೆಮರಗಳೆಂದು ಭ್ರಮೆಯಾಗುತ್ತದೆ. ಒಂದು ಗೆರೆ ಉಳಿದವುಗಳಿಗಿಂತ ಎತ್ತರ. ಅದರ ನೆತ್ತಿಯ ಮೇಲೆ ಎರಡು ಕೊಂಬುಗಳಿದ್ದಂತೆ ತೋರುತ್ತದೆ. ಆದರೆ ಅಲ್ಲಿರುವುದು ಹಡಗಲ್ಲ, ಚಿಕಾಗೋ ಮಹಾನಗರ! ದಿಬ್ಬದಿಂದ ಅದು ಸುಮಾರು 87 ಕಿ.ಮೀ. ದೂರದಲ್ಲಿದೆ, ಬೆಂಗಳೂರಿನಿಂದ ಮದ್ದೂರಿಗೆ ಇರುವ ದಾರಿಗಿಂತ ತುಸು ಹೆಚ್ಚೇ ಎನ್ನಬಹುದು.

ಹಗಲಿರುಳುಗಳು ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ದಿನಗಳ ಆಸುಪಾಸಿನಲ್ಲಿ ಸೂರ್ಯ ನೇರ ಪಶ್ಚಿಮದಲ್ಲಿ ಮುಳುಗುತ್ತಾನಾದ್ದರಿಂದ, ಚಿಕಾಗೋ ನಗರ ಅವನ ಬಿಂಬಕ್ಕೆ ಅಡ್ಡಲಾಗಿ ಬರುತ್ತದೆ. ವರ್ಷದ ಉಳಿದ ಕಾಲದಲ್ಲಿ ಗಾಳಿ ತಿಳಿಯಾಗಿದ್ದರೆ ದಿಗಂತದ ಮೇಲೆ ಗೋಪುರಗಳ ಮಸುಕು ನೆರಳು ಕಾಣುವುದುಂಟು. ಆದರೆ ಇಂದು ಕಂಡದ್ದು ನಾಳೆ ಕಂಡೀತೆಂಬ ಭರವಸೆಯಿಲ್ಲ. ನಗರವೇನೋ ಇದ್ದಲ್ಲಿಯೇ ಇದೆ. ನೋಡುವ ಕಣ್ಣುಗಳೂ ಅವೇ. ಹಾಗಾದರೆ ಈ ದರ್ಶನವನ್ನು ಕೊಡುವವರು ಯಾರು, ಕಸಿದುಕೊಳ್ಳುವವರು ಯಾರು? ಇದಕ್ಕೆ ಉತ್ತರ ಮೂರು ಸಂಗತಿಗಳಲ್ಲಿ ಅಡಗಿದೆ: ಕಟ್ಟಡದ ಎತ್ತರ, ಭೂಮಿಯ ದುಂಡುತನ, ಮತ್ತು ನಡುವಣ ಗಾಳಿ.

ಬೆಳೆದು ನಿಂತ ನಗರ

ಚಿಕಾಗೋ ಎಂದೊಡನೆ ನಮ್ಮವರ ಮನಸ್ಸಿಗೆ ಬರುವುದು ಸ್ವಾಮಿ ವಿವೇಕಾನಂದರ ಹೆಸರು. 1892ರಲ್ಲಿ ಮೈಸೂರಿಗೆ ಬಂದು ಹತ್ತನೆಯ ಚಾಮರಾಜೇಂದ್ರ ಒಡೆಯರ ಆದರಾತಿಥ್ಯವನ್ನು ಪಡೆದಿದ್ದ ಆ ಯುವ ಸನ್ಯಾಸಿ, ಮರುವರ್ಷದ ಸೆಪ್ಟೆಂಬರ್ 11ರಂದು ಚಿಕಾಗೋದ ಸರ್ವಧರ್ಮ ಸಮ್ಮೇಳನದ ವೇದಿಕೆಯನ್ನೇರಿದರು. ಅಂದಿನ ಚಿಕಾಗೋ ಆಗಲೇ ಎತ್ತರದ ಕಟ್ಟಡಗಳಿಗೆ ಪ್ರಸಿದ್ಧವಾಗಿತ್ತು. ವಿಲಿಯಂ ಲೆ ಬ್ಯಾರನ್ ಜೆನ್ನಿ ಎಂಬ ಶಿಲ್ಪಿ ಲೋಹದ ಅಸ್ಥಿಪಂಜರದ ಆಧಾರದ ಮೇಲೆ ನಿಲ್ಲಿಸಿದ ಹತ್ತು ಅಂತಸ್ತಿನ ಹೋಮ್ ಇನ್ಶೂರೆನ್ಸ್ ಕಟ್ಟಡ 1885ರಲ್ಲಿ ಅಲ್ಲಿ ಸಿದ್ಧವಾಗಿತ್ತು. ಗಗನಚುಂಬಿ ಕಟ್ಟಡಗಳ ವಂಶಕ್ಕೆ ಅದನ್ನೇ ಮೂಲಪುರುಷನೆಂದು ಹಲವರು ಎಣಿಸುತ್ತಾರೆ. 1892ರಲ್ಲಿ ಎದ್ದ ಮ್ಯಾಸಾನಿಕ್ ಟೆಂಪಲ್ ಎಂಬ ಸೌಧ ಸುಮಾರು 92 ಮೀಟರ್ ಎತ್ತರವಿದ್ದು, ನೋಡಿದವರ ಕತ್ತು ನೋಯಿಸುತ್ತಿತ್ತು.

ಆದರೂ ಅಂದು ಮಿಷಿಗನ್ನಿನ ಮರಳುದಿಬ್ಬದ ಮೇಲೆ ನಿಂತವನಿಗೆ, ಪ್ರಕೃತಿಯ ವಿಶೇಷ ಕೃಪೆಯಿಲ್ಲದಿದ್ದರೆ, ಅದರ ತುದಿಯೂ ಕಾಣುತ್ತಿರಲಿಲ್ಲ. ಸರೋವರದಾಚೆಯಿಂದ ನೋಡಿದರೂ ಕಾಣುವ ಎತ್ತರವನ್ನು ಚಿಕಾಗೋ ಮುಟ್ಟಿದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಆ ಸಾಧನೆಯಲ್ಲಿ ನಮ್ಮ ಉಪಖಂಡದ ಪಾಲೂ ಇದೆಯೆಂಬುದು ಹೆಮ್ಮೆಯ ವಿಷಯ. 1929ರಲ್ಲಿ ಪೂರ್ವ ಬಂಗಾಳದಲ್ಲಿ ಹುಟ್ಟಿದ ಫಜಲುರ್ ರಹಮಾನ್ ಖಾನ್ ಎಂಬ ಎಂಜಿನಿಯರು 1952ರಲ್ಲಿ ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ಹೋಗಿ, ಮುಂದೆ ಚಿಕಾಗೋದಲ್ಲಿ ನೆಲೆಸಿದರು. ಎತ್ತರದ ಕಟ್ಟಡಕ್ಕೆ ತನ್ನ ಭಾರಕ್ಕಿಂತಲೂ ಬೀಸುವ ಗಾಳಿಯೇ ದೊಡ್ಡ ವೈರಿ. ಹೊರಗೋಡೆಯನ್ನೇ ಒಂದು ಗಟ್ಟಿ ಕೊಳವೆಯಂತೆ ಕಟ್ಟಿದರೆ ಗಾಳಿಯ ತಳ್ಳುವಿಕೆಯನ್ನು ಕಡಿಮೆ ಉಕ್ಕಿನಿಂದಲೇ ತಡೆಯಬಹುದೆಂಬುದು ಅವರು ಕಂಡುಕೊಂಡ ಉಪಾಯ. ಅಂಥ ಒಂಬತ್ತು ಕೊಳವೆಗಳನ್ನು ಒಂದು ಕಟ್ಟಾಗಿ ಕೂಡಿಸಿದಂತೆ ಅವರೂ ಬ್ರೂಸ್ ಗ್ರಹಾಂ ಎಂಬ ವಾಸ್ತುಶಿಲ್ಪಿಯೂ ರೂಪಿಸಿದ ಸಿಯರ್ಸ್ ಗೋಪುರ 110 ಅಂತಸ್ತುಗಳಿಂದ 442 ಮೀಟರ್ ಎತ್ತರಕ್ಕೆ ಬೆಳೆದು, 1974ರಲ್ಲಿ ಪೂರ್ಣಗೊಂಡಿತು. 1998ರವರೆಗೆ ಅದೇ ಜಗತ್ತಿನ ಅತ್ಯುನ್ನತ ಕಟ್ಟಡವೆಂಬ ಕೀರ್ತಿಯನ್ನು ಪಡೆದಿತ್ತು. 2009ರಿಂದ ವಿಲ್ಲಿಸ್ ಗೋಪುರವೆಂದು ಕರೆಯಲ್ಪಡುವ ಆ ಸೌಧವೇ ಸೂರ್ಯಬಿಂಬದ ಮೇಲೆ ಎರಡು ಕೊಂಬುಗಳೊಡನೆ ಕಾಣುವ ಗೆರೆ. ಆ ಕೊಂಬುಗಳು ಪ್ರಸಾರಕ್ಕಾಗಿ ನೆಟ್ಟ ಕಂಬಗಳು.

ಲಲ್ಲಾಚಾರ್ಯನ ತಾಳೆಮರ

ಎತ್ತರವಿಲ್ಲದಿದ್ದರೆ ದೂರದ ವಸ್ತು ಏಕೆ ಕಾಣುವುದಿಲ್ಲ? ಈ ಪ್ರಶ್ನೆಯನ್ನು ಭಾರತದ ಜ್ಯೋತಿರ್ವಿದರು ಬಹು ಹಿಂದೆಯೇ ಕೇಳಿಕೊಂಡಿದ್ದರು. ಕದಂಬದ ಹೂವಿನ ಉಂಡೆಯ ಸುತ್ತಲೂ ಎಸಳುಗಳಿರುವಂತೆ ಭೂಗೋಲದ ಸುತ್ತಲೂ ಜೀವಿಗಳಿದ್ದಾರೆಂದು ಆರ್ಯಭಟ ಐದನೆಯ ಶತಮಾನದ ಕೊನೆಯಲ್ಲಿಯೇ ಹೇಳಿದ. ಎಂಟನೆಯ ಶತಮಾನದ ಲಲ್ಲಾಚಾರ್ಯ ತನ್ನ ‘ಶಿಷ್ಯಧೀವೃದ್ಧಿದ’ ಗ್ರಂಥದಲ್ಲಿ, ಭೂಮಿ ಚಪ್ಪಟೆಯೆನ್ನುವವರಿಗೆ ನೇರವಾಗಿ ಒಂದು ಸವಾಲನ್ನೊಡ್ಡಿದ. ಭೂಮಿ ಸಮತಟ್ಟಾಗಿದ್ದರೆ, ಬಲು ಎತ್ತರವಾಗಿ ಬೆಳೆದ ತಾಳೆಯಂಥ ಮರಗಳು ದೂರದಲ್ಲಿದ್ದಾಗ ಕಣ್ಣಿಗೆ ಬೀಳದಿರುವುದೇಕೆ ಎಂಬುದೇ ಆ ಸವಾಲು. ಸಾವಿರದ ಇನ್ನೂರು ವರ್ಷಗಳ ಮೇಲೆ ಅದೇ ಪ್ರಶ್ನೆಗೆ ಚಿಕಾಗೋದ ಗೋಪುರಗಳು ಸಾಕ್ಷಿ ನುಡಿಯುತ್ತಿವೆ.

ಲೆಕ್ಕ ಹೈಸ್ಕೂಲಿನ ಹುಡುಗನೂ ಮಾಡಬಹುದಾದಷ್ಟು ಸುಲಭ. ನಿಂತ ಎತ್ತರವನ್ನು ಮೀಟರುಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ, ದಿಗಂತ ಎಷ್ಟು ಕಿ.ಮೀ. ದೂರದಲ್ಲಿದೆಯೆಂಬುದು ದೊರೆಯುತ್ತದೆ. ನೀರಿನ ಅಂಚಿನಲ್ಲಿ ನಿಂತ ಸಾಧಾರಣ ಎತ್ತರದ ಮನುಷ್ಯನಿಗೆ ದಿಗಂತ ಕೇವಲ 4.6 ಕಿ.ಮೀ. ಅಷ್ಟೇ ದೂರ! ವಿಲ್ಲಿಸ್ ಗೋಪುರದ ಮಾಳಿಗೆಯಲ್ಲಿ ನಿಂತವನಿಗೆ ಅದು 75 ಕಿ.ಮೀ. ಇವೆರಡನ್ನೂ ಕೂಡಿದರೆ ಸುಮಾರು 80 ಕಿ.ಮೀ. ಆಗುತ್ತದೆ. ಗೋಪುರದ ಮಾಳಿಗೆಯೂ ನೀರಂಚಿನ ಮನುಷ್ಯನೂ ಪರಸ್ಪರ ಮುಖ ನೋಡಬಹುದಾದ ಕೊನೆಯ ಗಡಿ ಅದು. ಆದ್ದರಿಂದ ವಾರನ್ ಡ್ಯೂನ್ಸಿನ ನೀರಂಚಿನಲ್ಲಿ ನಿಂತವನಿಗೆ ಲೆಕ್ಕದ ಪ್ರಕಾರ ಆ ಮಾಳಿಗೆ ಕಾಣಬಾರದು. ಆದರೆ 73 ಮೀಟರ್ ಎತ್ತರದ ಟವರ್ ಹಿಲ್ಲನ್ನು ಏರಿದವನ ದಿಗಂತ 30 ಕಿ.ಮೀ. ಆಚೆಗೆ ಸರಿಯುತ್ತದೆ. ಮಕ್ಕಳ ಕೈಹಿಡಿದು ಮರಳು ಹತ್ತಿದ ಶ್ರಮಕ್ಕೆ ದೊರೆಯುವ ಪ್ರತಿಫಲ ಇದೇ.

ಅಲ್ಲಿಂದಲೂ ಕಾಣುವುದು ನಗರದ ನೆತ್ತಿ ಮಾತ್ರ. ಕೆಳಗಿನ ಸುಮಾರು 250 ಮೀಟರಿನಷ್ಟು ಭಾಗ ನೀರಿನ ಉಬ್ಬಿನ ಹಿಂದೆ ಮುಳುಗಿರುತ್ತದೆ. ಬೀದಿಗಳು, ಅಂಗಡಿಗಳು, ರೈಲುಗಳು, ಇಪ್ಪತ್ತು ಮೂವತ್ತು ಅಂತಸ್ತಿನ ಸಾಮಾನ್ಯ ಕಟ್ಟಡಗಳು, ಇವೆಲ್ಲವೂ ಅಡಗಿಹೋಗಿ, ಅತಿ ಎತ್ತರದ ಕೆಲವು ಶಿಖರಗಳು ಮಾತ್ರ ನೀರಿನೊಳಗಿಂದ ತಲೆಯೆತ್ತಿದಂತೆ ನಿಲ್ಲುತ್ತವೆ. ವಿಲ್ಲಿಸ್ ಗೋಪುರದ ಕಾಣುವ ಭಾಗ, ಕೈಚಾಚಿ ಹಿಡಿದ ಒಂದು ಅಕ್ಕಿಕಾಳಿನ ದಪ್ಪದಷ್ಟು ಮಾತ್ರ. ಆದರೂ ನೋಡಿದವರು ಅದನ್ನು ಮರೆಯುವುದಿಲ್ಲ.

ಎತ್ತರವೊಂದನ್ನೇ ನಂಬಿ ದೂರವನ್ನು ಗೆಲ್ಲುತ್ತೇನೆಂದರೂ ಸುಲಭವಲ್ಲ. ಎತ್ತರವನ್ನು ನಾಲ್ಕು ಪಟ್ಟು ಮಾಡಿದರೆ ದಿಗಂತ ಎರಡು ಪಟ್ಟು ಮಾತ್ರ ಸರಿಯುತ್ತದೆ. 2010ರಲ್ಲಿ ತೆರೆದ ದುಬೈ ನಗರದ ಬುರ್ಜ್ ಖಲೀಫಾ 828 ಮೀಟರ್ ಎತ್ತರವಿದ್ದರೂ ಅದರ ತುದಿಯ ದಿಗಂತ ಸುಮಾರು 103 ಕಿ.ಮೀ. ಮಾತ್ರ. ದುಂಡಗಿನ ಭೂಮಿಯ ಮೇಲೆ ಮನುಷ್ಯನ ಕಟ್ಟಡಕ್ಕೆ ಪ್ರಕೃತಿ ಹಾಕಿದ ಎಲ್ಲೆ ಇದು.

ಬಾಗುವ ಬೆಳಕು

ಆದರೆ ಪ್ರಕೃತಿ ತಾನು ಹಾಕಿದ ಎಲ್ಲೆಯನ್ನು ಒಮ್ಮೊಮ್ಮೆ ತಾನೇ ಸಡಿಲಿಸುತ್ತದೆ. ಗಾಳಿ ಕೆಳಗೆ ದಟ್ಟವಾಗಿದ್ದು ಮೇಲೆ ಹೋದಂತೆ ವಿರಳವಾಗುವುದರಿಂದ, ಅದರಲ್ಲಿ ಹಾಯ್ದುಬರುವ ಬೆಳಕು ನೇರವಾಗಿ ಬರದೆ ಭೂಮಿಯ ಕಡೆಗೆ ಕೊಂಚ ಬಾಗುತ್ತದೆ. ಇದರಿಂದ ಸಾಧಾರಣ ದಿನಗಳಲ್ಲಿಯೂ ದಿಗಂತ ಲೆಕ್ಕಕ್ಕಿಂತ ನೂರಕ್ಕೆ ಎಂಟರಷ್ಟು ದೂರ ಸರಿದಿರುತ್ತದೆ. ಟವರ್ ಹಿಲ್ಲಿನಿಂದ ನೋಡುವವನಿಗೆ ಈ ಉಪಕಾರದಿಂದ ಇನ್ನೂ ಐವತ್ತು ಮೀಟರಿನಷ್ಟು ನಗರ ನೀರಿನಿಂದ ಮೇಲೇಳುತ್ತದೆ.

ದೂರವನ್ನು ಅಳೆಯುವವರು ಈ ಬಾಗನ್ನು ಲೆಕ್ಕಕ್ಕೆ ಹಿಡಿಯಲೇಬೇಕು. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು ಮೈಸೂರು ಸೀಮೆಯ ಮೋಜಣಿಗೆ ತೊಡಗಿದ ವಿಲಿಯಂ ಲ್ಯಾಂಬ್ಟನ್ನನಿಗೂ ಅವನ ಉತ್ತರಾಧಿಕಾರಿಯಾದ ಜಾರ್ಜ್ ಎವರೆಸ್ಟನಿಗೂ ಇದು ನಿತ್ಯದ ಸಮಸ್ಯೆಯಾಗಿತ್ತು. ಹಗಲು ಕಾಣದ ದೂರದ ಗುರುತುಗಳು ರಾತ್ರಿಯ ತಂಪಿನಲ್ಲಿ ದಿಗಂತದಿಂದ ಮೇಲೆದ್ದಂತೆ ಕಾಣುವುದನ್ನು ಕಂಡ ಎವರೆಸ್ಟ್, ರಾತ್ರಿ ದೀಪಗಳನ್ನು ಹಚ್ಚಿಸಿ ಅಳತೆ ಮಾಡುವ ಪದ್ಧತಿಯನ್ನೇ ಬಳಕೆಗೆ ತಂದ.

ಮಿಷಿಗನ್ ಸರೋವರದ ಮೇಲೆ ವಸಂತಕಾಲದಲ್ಲಿ ಈ ಬಾಗು ವಿಪರೀತವಾಗುವುದುಂಟು. ಚಳಿಗಾಲದ ಶೈತ್ಯ ನೀರಿನಲ್ಲಿ ಇನ್ನೂ ಉಳಿದಿರುವಾಗಲೇ ನೆಲದ ಮೇಲಿನ ಗಾಳಿ ಬೆಚ್ಚಗಾಗುತ್ತದೆ. ಆ ಬೆಚ್ಚನೆಯ ಗಾಳಿ ಸರೋವರದ ಮೇಲೆ ತೇಲಿಬಂದಾಗ ಕೆಳಗೆ ತಣ್ಣನೆಯ ಗಾಳಿಯ ಹಾಸು, ಮೇಲೆ ಬೆಚ್ಚನೆಯ ಹೊದಿಕೆ ಏರ್ಪಡುತ್ತದೆ. ಬೇಸಗೆಯ ಮಧ್ಯಾಹ್ನ ಟಾರು ರಸ್ತೆಯ ಮೇಲೆ ಕಾಣುವ ಬಿಸಿಲುಗುದುರೆಗೆ ತೀರ ವಿರುದ್ಧವಾದ ಸ್ಥಿತಿಯಿದು. ರಸ್ತೆಯಲ್ಲಿ ಕೆಳಗಿನ ಗಾಳಿ ಕಾದಿರುವುದರಿಂದ ಆಕಾಶದ ಪ್ರತಿಬಿಂಬ ಕೆಳಗೆ ನೀರಿನಂತೆ ಕಾಣುತ್ತದೆ. ಸರೋವರದಲ್ಲಿಯಾದರೆ ಬೆಳಕು ಭೂಮಿಯ ಉಬ್ಬನ್ನೇ ಅನುಸರಿಸಿ ಬಾಗಿ, ದಿಗಂತದ ಕೆಳಗೆ ಮುಳುಗಿರುವ ವಸ್ತುವನ್ನು ಮೇಲಕ್ಕೆತ್ತಿ ತೋರಿಸುತ್ತದೆ.

ಇಂಥ ದರ್ಶನಗಳ ದಾಖಲೆ ಹಳೆಯದು. 1797ರ ಜುಲೈ 26ರಂದು ಇಂಗ್ಲೆಂಡಿನ ಹೇಸ್ಟಿಂಗ್ಸ್ ಪಟ್ಟಣದಲ್ಲಿ ವಿಲಿಯಂ ಲೇಥಮ್ ಎಂಬ ವಿದ್ವಾಂಸ, ಜನರೆಲ್ಲ ಕಡಲಂಚಿಗೆ ಓಡುತ್ತಿರುವುದನ್ನು ಕಂಡು ತಾನೂ ಹೋಗಿ ನೋಡಿದ. ನಲವತ್ತು ಐವತ್ತು ಮೈಲಿ ಆಚೆಯ ಫ್ರಾನ್ಸಿನ ತೀರ ಬರಿಗಣ್ಣಿಗೆ ನಿಚ್ಚಳವಾಗಿ ಕಾಣುತ್ತಿತ್ತು! ಅಲ್ಲಿನ ಬೆಸ್ತರೂ ನಾವಿಕರೂ ಮೊದಲು ಇದನ್ನು ನಂಬಲೊಪ್ಪಲಿಲ್ಲ. ಬರಬರುತ್ತ ಬಂಡೆಗಳು ಸ್ಪಷ್ಟವಾದಂತೆ, ತಾವು ದೋಣಿಯಲ್ಲಿ ಹೋಗಿಬರುತ್ತಿದ್ದ ಸ್ಥಳಗಳನ್ನು ಬೆರಳು ಮಾಡಿ ತೋರಿಸುತ್ತ ಒಂದೊಂದನ್ನೂ ಹೆಸರಿಟ್ಟು ಕರೆಯತೊಡಗಿದರು. 1894ರ ಆಗಸ್ಟ್ 16ರ ಬೆಳಗ್ಗೆ ಅಮೆರಿಕದ ಬಫಲೋ ನಗರದ ಜನ ಸುಮಾರು 90 ಕಿ.ಮೀ. ದೂರದ ಕೆನಡಾ ದೇಶದ ಟೊರಾಂಟೋ ನಗರವನ್ನು ಕಂಡರೆಂದೂ, ಅಲ್ಲಿನ ಚರ್ಚುಗಳ ಶಿಖರಗಳನ್ನು ಎಣಿಸಬಹುದಾಗಿತ್ತೆಂದೂ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ ವರದಿ ಮಾಡಿತು.

2015ರ ಏಪ್ರಿಲ್ ತಿಂಗಳಲ್ಲಿ ಮಿಷಿಗನ್ನಿನ ಗ್ರ್ಯಾಂಡ್ ಮಿಯರ್ ಉದ್ಯಾನದ ದಡದಿಂದ ಛಾಯಾಗ್ರಾಹಕರೊಬ್ಬರು ತೆಗೆದ ಚಿಕಾಗೋದ ಚಿತ್ರ ಜಗತ್ತಿನಲ್ಲೆಲ್ಲ ಹರಡಿತು. ಅಲ್ಲಿಂದ ಚಿಕಾಗೋಗೆ 90 ಕಿ.ಮೀ.ಗೂ ಹೆಚ್ಚು ದೂರ. ಇಷ್ಟು ದೂರದಿಂದ ನಗರ ಕಂಡಿತೆಂದ ಮೇಲೆ ಭೂಮಿ ದುಂಡಗಿಲ್ಲ, ಚಪ್ಪಟೆಯಾಗಿಯೇ ಇದೆಯೆಂದು ವಾದಿಸುವವರು ಅದನ್ನೇ ತಮ್ಮ ಪಕ್ಷದ ಸಾಕ್ಷಿಯನ್ನಾಗಿ ಮಾಡಿಕೊಂಡರು. ಆದರೆ ಭೂಮಿ ಚಪ್ಪಟೆಯಾಗಿದ್ದಿದ್ದರೆ ತಿಳಿಗಾಳಿಯ ಪ್ರತಿಯೊಂದು ದಿನವೂ ನಗರ ಬುಡದಿಂದ ತುದಿಯವರೆಗೆ ಕಾಣಬೇಕಾಗಿತ್ತು. ಹಾಗೆ ಕಾಣುವುದಿಲ್ಲ. ದಡದಿಂದ ದಿಬ್ಬಕ್ಕೆ ಏರಿದರೆ ಹೆಚ್ಚು ಅಂತಸ್ತುಗಳು ತೋರುತ್ತವೆ. ಕೆಳಗಿಳಿದರೆ ಅವು ಮತ್ತೆ ಮುಳುಗುತ್ತವೆ. ಕಂಡ ಭಾಗಕ್ಕಿಂತ ಕಾಣದ ಭಾಗವೇ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾದ ಸಾಕ್ಷಿ. ಲಲ್ಲಾಚಾರ್ಯ ತಾಳೆಮರವನ್ನು ಮುಂದಿಟ್ಟು ಹೇಳಿದ ಮಾತು ಇದೇ ಅಲ್ಲವೇ?

ಆಕಾಶದಲ್ಲಿ ತೋರಿ ಮರೆಯಾಗುವ ಇಂಥ ಪಟ್ಟಣಕ್ಕೆ ನಮ್ಮ ಪೂರ್ವಿಕರು ‘ಗಂಧರ್ವನಗರ’ವೆಂದು ಹೆಸರಿಟ್ಟಿದ್ದರು. ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಅದರ ಲಕ್ಷಣ ಮತ್ತು ಶಕುನಫಲಗಳಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ವೇದಾಂತಿಗಳು ಜಗತ್ತಿನ ಮಿಥ್ಯಾತ್ವಕ್ಕೆ ಅದನ್ನು ಉಪಮಾನವಾಗಿ ಬಳಸಿದರು. ಆದರೆ ಸರೋವರದಾಚೆಯ ಗಂಧರ್ವನಗರ ಅರ್ಧ ಮಾತ್ರ ಮಿಥ್ಯೆ. ಕಂಡ ಜಾಗ ಸುಳ್ಳಿರಬಹುದು, ನಗರ ಸುಳ್ಳಲ್ಲ. ಅಲ್ಲಿ ಲಕ್ಷಾಂತರ ಮಂದಿ ಆ ಹೊತ್ತಿನಲ್ಲಿ ಕಚೇರಿ ಮುಗಿಸಿ ಮನೆಗೆ ಮರಳುತ್ತಿರುತ್ತಾರೆ.

ತಿಳಿಗಾಳಿಯ ಬೆಲೆ

ಎತ್ತರವೂ ಇದ್ದು, ಬೆಳಕಿನ ಬಾಗೂ ಒದಗಿ, ಗಾಳಿಯಲ್ಲಿ ಕೊಳೆ ತುಂಬಿದ್ದರೆ ನೋಟ ಶೂನ್ಯ. ದೂರದ ಗೋಪುರದಿಂದ ಹೊರಟ ಬೆಳಕು ದಾರಿಯಲ್ಲಿ ಗಾಳಿಯ ಅಣುಗಳಿಗೂ ಧೂಳಿನ ಕಣಗಳಿಗೂ ತಾಗಿ ಚದುರುತ್ತದೆ. ಜೊತೆಗೆ ಸುತ್ತಲಿನ ಬಿಸಿಲು ಅದೇ ಕಣಗಳಿಂದ ಚದುರಿ, ನೋಡುವವನ ಕಣ್ಣಿನ ಮುಂದೆ ಬಿಳಿಯ ತೆರೆಯೊಂದನ್ನು ಎಳೆಯುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯ ಹಿಂದೆ ಈ ತೆರೆಯ ಕೈವಾಡವೂ ಇದೆ. ಕಲ್ಲುಮುಳ್ಳುಗಳ ಗುರುತನ್ನು ಅಳಿಸಿ, ಬೆಟ್ಟಕ್ಕೆ ನೀಲಿ ಬಳಿಯುವುದು ನಡುವಣ ಗಾಳಿಯೇ. ಸೂರ್ಯಾಸ್ತದ ಹೊತ್ತಿನಲ್ಲಿ ಚಿಕಾಗೋ ಸ್ಪಷ್ಟವಾಗಿ ಕಾಣಲು ಕಾರಣವೂ ಇಲ್ಲಿದೆ: ಹೊಳೆಯುವ ಬಿಂಬಕ್ಕೆ ಅಡ್ಡಲಾಗಿ ನಿಂತ ಗೋಪುರ ಕಪ್ಪಗೆ ಎದ್ದು ತೋರುತ್ತದೆ, ತೆಳುವಾದ ತೆರೆ ಅದನ್ನು ಮುಚ್ಚಲಾರದು.

ಒಂದಿಷ್ಟೂ ಧೂಳಿಲ್ಲದ ಪರಿಶುದ್ಧ ಗಾಳಿಯಲ್ಲಿ ನೋಟ ಸುಮಾರು 300 ಕಿ.ಮೀ. ತನಕ ಹೋಗಬಲ್ಲದು. ಕಲ್ಲಿದ್ದಲು ಸುಟ್ಟಾಗ ಹೊರಬರುವ ಗಂಧಕದ ಅನಿಲ ಗಾಳಿಯಲ್ಲಿ ಸೂಕ್ಷ್ಮ ಕಣಗಳಾಗಿ ಮಾರ್ಪಟ್ಟು, ತೇವಾಂಶವನ್ನು ಹೀರಿ ಉಬ್ಬಿದಾಗ, ಆ ದೂರ ಹತ್ತಿಪ್ಪತ್ತು ಕಿ.ಮೀ.ಗೆ ಕುಗ್ಗುವುದುಂಟು. ಆದಕಾರಣ ಬೇಸಗೆಯ ಧಗೆಯ ದಿನಗಳಲ್ಲಿ ಸರೋವರದಾಚೆಗೆ ಹಾಲುಬಿಳುಪಿನ ಮಬ್ಬು ಮಾತ್ರ ಇರುತ್ತದೆ. ಮಳೆ ಗಾಳಿಯನ್ನು ತೊಳೆದು, ಉತ್ತರದಿಂದ ಒಣ ತಂಗಾಳಿ ಬೀಸಿದ ಮರುದಿನ ಗೋಪುರಗಳು ಮತ್ತೆ ಮೂಡುತ್ತವೆ.

2023ರ ಜೂನ್ 27ರಂದು ಕೆನಡಾದ ಕಾಡ್ಗಿಚ್ಚಿನ ಹೊಗೆ ಸರೋವರ ಪ್ರದೇಶವನ್ನು ಕವಿದಾಗ, ಜಗತ್ತಿನ ಮಹಾನಗರಗಳಲ್ಲೆಲ್ಲ ಅತಿ ಕೆಟ್ಟ ಗಾಳಿ ಚಿಕಾಗೋದಲ್ಲಿ ದಾಖಲಾಯಿತು. 87 ಕಿ.ಮೀ. ಆಚೆಯವರ ಮಾತಿರಲಿ, ನಗರದೊಳಗಿನವರಿಗೇ ತಮ್ಮ ಗೋಪುರಗಳು ಮಸುಕಾಗಿ ಹೋದವು. ಮಕ್ಕಳೂ ವೃದ್ಧರೂ ಮನೆಯೊಳಗೇ ಇರಬೇಕೆಂದು ಎಚ್ಚರಿಕೆ ನೀಡಲಾಯಿತು. ದೂರದ ನೋಟವನ್ನು ಕೆಡಿಸುವ ಆ ಕಣಗಳೇ ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯುವಂಥವು. ಅಂದಮೇಲೆ ದಿಗಂತ ಕಾಣುವುದೂ ಕಾಣದಿರುವುದೂ ಪ್ರವಾಸಿಗಳ ವಿನೋದಕ್ಕೆ ಮಾತ್ರ ಸೇರಿದ ವಿಷಯವಲ್ಲ. ಯಾವ ಯಂತ್ರದ ನೆರವೂ ಇಲ್ಲದೆ ಆರೋಗ್ಯವನ್ನು ಸೂಚಿಸುವ ಮಾಪಕ ಅದು.

ಅಮೆರಿಕದ ಶಾಸನಕರ್ತರು ಈ ನೋಟಕ್ಕೂ ಕಾನೂನಿನ ರಕ್ಷಣೆ ಬೇಕೆಂದು ಮನಗಂಡರು. 1977ರಲ್ಲಿ ಅಲ್ಲಿನ ಶುದ್ಧ ವಾಯು ಕಾನೂನಿಗೆ ತಂದ ತಿದ್ದುಪಡಿ, ರಾಷ್ಟ್ರೀಯ ಉದ್ಯಾನಗಳಲ್ಲಿ ಮನುಷ್ಯನಿಂದಾದ ಮಬ್ಬನ್ನು ನಿವಾರಿಸುವುದನ್ನು ರಾಷ್ಟ್ರದ ಗುರಿಯೆಂದು ಸಾರಿತು. 1999ರಲ್ಲಿ ರೂಪಿಸಿದ ನಿಯಮ, 156 ಉದ್ಯಾನ ಮತ್ತು ಅರಣ್ಯಗಳಲ್ಲಿ 2064ರ ವೇಳೆಗೆ ಸಹಜ ನೋಟವನ್ನು ಮರಳಿಸಬೇಕೆಂದು ಗುರಿಯಿಟ್ಟಿತು. ನೆಟ್ಟವನು ಹಣ್ಣು ತಿನ್ನದಿದ್ದರೂ ಮೊಮ್ಮಕ್ಕಳು ತಿನ್ನಲೆಂದು ಮಾವಿನ ಸಸಿ ನೆಡುವಂಥ ಕಾರ್ಯವಿದು.

ಗಾಳಿ ತಿಳಿಯಾದರೆ ಏನಾಗಬಹುದೆಂಬುದನ್ನು ಭಾರತವೂ ಒಮ್ಮೆ ಕಣ್ಣಾರೆ ಕಂಡಿತು. 2020ರ ಮಾರ್ಚ್ 25ರಂದು, ಸಾಂಕ್ರಾಮಿಕ ರೋಗದ ಭಯದಿಂದ, ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಕಾರ್ಖಾನೆಗಳೂ ವಾಹನಗಳೂ ಸ್ತಬ್ಧವಾದವು. ಕೆಲವೇ ದಿನಗಳಲ್ಲಿ ಪಂಜಾಬಿನ ಜಲಂಧರ ನಗರದ ಜನ ತಮ್ಮ ಮನೆಗಳ ತಾರಸಿಯನ್ನೇರಿ ಬೆರಗಾಗಿ ನಿಂತರು. ನೂರು ಕಿ.ಮೀ.ಗೂ ಮಿಕ್ಕಿದ ದೂರದಲ್ಲಿ ಧವಳಧಾರ ಪರ್ವತಶ್ರೇಣಿಯ ಹಿಮದ ಶಿಖರಗಳು ಬೆಳ್ಳಗೆ ಹೊಳೆಯುತ್ತಿದ್ದವು! ದಶಕಗಳಿಂದ ಕಾಣದಿದ್ದ ನೋಟವೆಂದು ಹಿರಿಯರು ನೆನೆದರು. ಕಿರಿಯರಿಗೆ ಅದು ಮೊದಲ ದರ್ಶನ. ಪರ್ವತ ಎಲ್ಲಿಗೂ ಹೋಗಿರಲಿಲ್ಲ. ಹೊಗೆಯ ತೆರೆ ಸರಿದಿತ್ತು, ಅಷ್ಟೇ. ಆದರೆ ಆ ನೋಟಕ್ಕಾಗಿ ತೆತ್ತ ಬೆಲೆಯನ್ನು ನೆನೆದರೆ ಯಾರೂ ಅದನ್ನು ಮತ್ತೆ ಬಯಸಲಾರರು. ಬದುಕನ್ನು ನಿಲ್ಲಿಸದೆ ಗಾಳಿಯನ್ನು ತಿಳಿಯಾಗಿಸುವ ದಾರಿಯನ್ನು ಹುಡುಕುವುದೇ ಮುಂದಿನ ಪೀಳಿಗೆಯ ಹೊಣೆ.

ಭೂಮಿಯ ದುಂಡನ್ನು ಯಾರೂ ಬದಲಿಸಲಾರರು. ಎತ್ತರವನ್ನು ಮನುಷ್ಯ ಒಂದು ಮಿತಿಯವರೆಗೆ ಸಾಧಿಸಿದ್ದಾನೆ. ಬೆಳಕಿನ ಬಾಗು ಋತುಮಾನದ ಕೊಡುಗೆ. ಉಳಿದದ್ದು ಗಾಳಿಯ ನೈರ್ಮಲ್ಯ. ಅದನ್ನು ಕೆಡಿಸುವುದೂ ಉಳಿಸುವುದೂ ಬಹುಮಟ್ಟಿಗೆ ಅವನ ಕೈಯಲ್ಲಿದೆ.

ವಾರನ್ ಡ್ಯೂನ್ಸಿನ ದಿಬ್ಬದ ಮೇಲೆ ಸೂರ್ಯ ಪೂರ್ತಿ ಮುಳುಗಿದ ಮೇಲೂ ಕೆಲವರು ಕುಳಿತೇ ಇರುತ್ತಾರೆ. ಪಶ್ಚಿಮದ ಕೆಂಪು ಆರುತ್ತಿದ್ದಂತೆ, ಗೋಪುರಗಳಿದ್ದ ಕಡೆ ಸಣ್ಣ ದೀಪಗಳು ಮಿನುಗತೊಡಗುತ್ತವೆ. ವಿಮಾನಗಳಿಗೆ ಎಚ್ಚರಿಕೆ ಕೊಡಲು ಗೋಪುರಗಳ ನೆತ್ತಿಯಲ್ಲಿಟ್ಟ ಕೆಂಪು ದೀಪಗಳವು. ಮಕ್ಕಳು ಅವನ್ನು ಎಣಿಸಲು ತೊಡಗುತ್ತಾರೆ. ಎಣಿಕೆ ಮುಗಿಯುವ ಮೊದಲೇ ಒಂದೆರಡು ಮಂಜಿನಲ್ಲಿ ಮರೆಯಾಗಿ, ಲೆಕ್ಕ ತಪ್ಪುತ್ತದೆ. ನಾಳೆ ಮತ್ತೆ ಬಂದು ಎಣಿಸೋಣವೆಂದು ಹಿರಿಯರು ಸಮಾಧಾನ ಹೇಳಿ, ಮರಳಿನಲ್ಲಿ ಜಾರುತ್ತ ಅವರನ್ನು ಕೆಳಗಿಳಿಸುತ್ತಾರೆ.